ಹತ್ತು ಎಂದರೆ ಎರಡು

ಗಣಿತಕ್ಕೂ ನಗೆಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಲೆಕ್ಕದ ಮೇಷ್ಟರು ನಗಬಾರದು. ನಕ್ಕರೆ ತರಗತಿ ಕೈತಪ್ಪಿತು. ಲೆಕ್ಕ ತಪ್ಪಿದ ಹುಡುಗ ಅಳಬಹುದು, ಸರಿಯಾದವನು ನಿಟ್ಟುಸಿರು ಬಿಡಬಹುದು. ಲೆಕ್ಕದ ಸೊಗಸನ್ನು ಕಂಡು ನಕ್ಕವನನ್ನು ಮಾತ್ರ ನಮ್ಮ ಶಾಲೆಗಳು ಇನ್ನೂ ಕಾಣಬೇಕಾಗಿದೆ. ಹೀಗಿರುವಲ್ಲಿ, ಬರಿಯ ಒಂದು ಸಂಖ್ಯಾಪದ್ಧತಿಯ ಬೆನ್ನೇರಿಕೊಂಡು ಒಂದು ವಿನೋದವು ಲೋಕವನ್ನೆಲ್ಲ ಸುತ್ತಿ, ಹುಡುಗರ ಅಂಗಿಗಳ ಮೇಲೂ ಕಾಫಿಯ ಬಟ್ಟಲುಗಳ ಮೇಲೂ ಅಚ್ಚಾಗಿ ಕುಳಿತಿರುವುದು ವಿಚಾರ ಮಾಡತಕ್ಕ ಸಂಗತಿ. ಆ ವಿನೋದ ಇಷ್ಟೆ:

"ಲೋಕದಲ್ಲಿ ಜನ 10 ಬಗೆ: ದ್ವಿಮಾನ ಸಂಖ್ಯೆಗಳನ್ನು ಅರಿತವರು, ಅರಿಯದವರು."

ಗಣಕಯಂತ್ರದ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಬೇಸತ್ತಿರುವುದುಂಟು. ಸಾಹಿತ್ಯದ ವಾಚಕರಲ್ಲಿ ಅನೇಕರು "ಬಗೆ ಹತ್ತು ಎಂದು ಹೇಳಿ ಎರಡನ್ನೇ ಎಣಿಸಿದ್ದಾರಲ್ಲ, ಉಳಿದ ಎಂಟು ಎಲ್ಲಿ?" ಎಂದು ಕೇಳಿಯಾರು. ಆ ಪ್ರಶ್ನೆ ಹುಟ್ಟುವ ಎಡೆಯಲ್ಲಿಯೇ ವಿನೋದದ ಕೀಲಿದೆ. ದ್ವಿಮಾನದಲ್ಲಿ ಅಂಕೆಗಳು ಎರಡೇ: ಸೊನ್ನೆ, ಒಂದು. ಎರಡನ್ನು ಬರೆಯಲು ಪ್ರತ್ಯೇಕ ಅಂಕೆಯಿಲ್ಲ. ಆದುದರಿಂದ, ದಶಮಾನದಲ್ಲಿ ಒಂಬತ್ತಾದ ಮೇಲೆ ನಾವು ಏನು ಮಾಡುತ್ತೇವೆಯೋ ಅದನ್ನು ಇಲ್ಲಿ ಒಂದಾದ ಮೇಲೆಯೇ ಮಾಡಬೇಕಾಗುತ್ತದೆ: ಎಡಕ್ಕೆ ಹೊಸ ಮನೆ ತೆರೆದು ಅಲ್ಲಿ ಒಂದನ್ನಿಟ್ಟು, ಹಳೆಯ ಮನೆಯಲ್ಲಿ ಸೊನ್ನೆಯಿಡಬೇಕು. ಹೀಗೆ ಎರಡು ಎಂಬುದು 10 ಆಗುತ್ತದೆ, ಮೂರು 11, ನಾಲ್ಕು 100. ಜನ 10 ಬಗೆ ಎಂದರೆ ಎರಡು ಬಗೆ. ಅರ್ಥವಾದವನು ಒಂದು ಗುಂಪಿಗೆ ಸೇರಿದ. ಅರ್ಥವಾಗದವನು, ತನಗೆ ಗೊತ್ತಿಲ್ಲದೆಯೇ, ಇನ್ನೊಂದು ಗುಂಪಿಗೆ ಸೇರಿಹೋದ. ಹೇಳುವ ಮಾತೇ ತನ್ನ ಮಾತಿಗೆ ಸಾಕ್ಷಿಯನ್ನೂ ಒದಗಿಸುತ್ತದೆ.

ಇದು ಬರಿಯ ಚಮತ್ಕಾರವಲ್ಲ, ಗಣಿತಶಿಕ್ಷಣದ ಒಂದು ಮೂಲತತ್ತ್ವವನ್ನು ಇದು ಒಂದೇ ಸಾಲಿನಲ್ಲಿ ಹಿಡಿದಿಟ್ಟಿದೆ ಎಂಬುದು ಈ ಲೇಖನದ ವಾದ. ಆ ತತ್ತ್ವವನ್ನು ಕಲಿಸಲು ನಮ್ಮ ಕನ್ನಡ ಶಾಲೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಅನುಕೂಲವಿದ್ದರೂ ನಾವು ಅದನ್ನು ಬಳಸಿಕೊಳ್ಳುತ್ತಿಲ್ಲವೆಂಬುದು ಅದರ ಎರಡನೆಯ ಭಾಗ.

ಮೊದಲು ವಿನೋದದ ಒಂದು ವಿಚಿತ್ರ ಗುಣವನ್ನು ಗಮನಿಸಬೇಕು. ಇದು ಕಾಗದದ ಮೇಲೆ ಬದುಕುತ್ತದೆ, ನಾಲಗೆಯ ಮೇಲೆ ಸಾಯುತ್ತದೆ. ಬಾಯಿಬಿಟ್ಟು "ಹತ್ತು ಬಗೆ" ಎಂದರೆ ಮಾತು ಸುಳ್ಳಾಯಿತು. "ಎರಡು ಬಗೆ" ಎಂದರೆ ಮಾತು ನಿಜವಾಯಿತು, ನಗು ಹೋಯಿತು. ಹೀಗೇಕೆ? "ಹತ್ತು" ಎಂಬುದು ಒಂದು ಸಂಖ್ಯೆಯ ಹೆಸರು. ಅದು ಎರಡು ಕೈಗಳ ಬೆರಳುಗಳಷ್ಟು ಎಂಬ ಪರಿಮಾಣವನ್ನು ಖಚಿತವಾಗಿ ಸೂಚಿಸುತ್ತದೆ. "10" ಎಂಬುದಾದರೋ ಬರಿಯ ಬರೆಹ. ಒಂದು ಮನೆ ತುಂಬಿತು, ಮುಂದಿನ ಮನೆಗೆ ಒಂದು ಸಂದಿತು ಎಂದಷ್ಟೇ ಅದು ಹೇಳುತ್ತದೆ. ಮನೆ ಎಷ್ಟಕ್ಕೆ ತುಂಬುತ್ತದೆ ಎಂಬುದನ್ನು ಹೇಳುವುದಿಲ್ಲ. ಸಂಖ್ಯೆ ಬೇರೆ, ಅದನ್ನು ಬರೆಯುವ ಲಿಪಿ ಬೇರೆ. ಮರವೆಂಬ ಮಾತಿಗೆ ಎಲೆಯಿಲ್ಲ, ಬೇರಿಲ್ಲ ಎಂಬುದನ್ನು ಒಪ್ಪುವ ನಾವು, 10 ಎಂಬ ಗುರುತಿನೊಳಗೆ ಹತ್ತು ಎಂಬ ಸಂಖ್ಯೆ ಹುಟ್ಟಿನಿಂದಲೇ ಕುಳಿತಿದೆಯೆಂದು ನಂಬಿಬಿಟ್ಟಿದ್ದೇವೆ. ಆ ನಂಬಿಕೆಯ ಕಾಲಿಗೆ ಅಡ್ಡಗೋಲು ಹಾಕುವುದೇ ಈ ವಿನೋದದ ಕೆಲಸ. ಎಡವಿದಾಗ ಬರುವ ನಗು ಅರಿವಿನ ನಗು.

ಇದೇ ತತ್ತ್ವದಿಂದ ಹುಟ್ಟಿದ ಇನ್ನೊಂದು ಮಾತುಂಟು: ಎಲ್ಲ ಸಂಖ್ಯಾಪದ್ಧತಿಗಳಿಗೂ ಆಧಾರ 10. ನಾಲ್ಕೇ ಬೆರಳುಗಳಿರುವ ಒಬ್ಬ ಅನ್ಯಲೋಕದವನನ್ನು ಕಂಡು ನಾವು "ನಿಮ್ಮದು ನಾಲ್ಕರ ಪದ್ಧತಿ, ನಮ್ಮದು 10ರ ಪದ್ಧತಿ" ಎಂದರೆ, ಅವನು ಆಶ್ಚರ್ಯದಿಂದ "ನಮ್ಮದೂ 10ರದೇ. ನೀವು ಹೇಳಿದ ನಾಲ್ಕು ಎಂದರೆ ಯಾವ ಅಂಕೆ?" ಎಂದು ಕೇಳಿಯಾನು. ನಾಲ್ಕನ್ನು ಅವನು 10 ಎಂದೇ ಬರೆಯುತ್ತಾನೆ. ಪ್ರತಿಯೊಬ್ಬನಿಗೂ ತನ್ನ ಪದ್ಧತಿಯೇ ಸಹಜ, ತನ್ನದೇ 10. ಕೂಪಮಂಡೂಕನ ಕಥೆಯನ್ನು ಇಷ್ಟು ಸಂಕ್ಷೇಪವಾಗಿ ಹೇಳುವುದು ನೀತಿಗ್ರಂಥಗಳಿಗೂ ಕಷ್ಟ.

ಕನ್ನಡಕ್ಕೆ ಇಲ್ಲಿ ಒಂದು ವಿಶೇಷ ಸೌಭಾಗ್ಯವಿದೆ. ನಮ್ಮಲ್ಲಿ "ಹತ್ತು" ಎಂದರೆ ಸಂಖ್ಯೆಯೂ ಹೌದು, ಏರು ಎಂಬ ಕ್ರಿಯೆಯೂ ಹೌದು. ಉಪಾಧ್ಯಾಯರು ಹಲಗೆಯ ಮೇಲೆ 10 ಎಂದು ಬರೆದು, "ಇದನ್ನು ಹತ್ತು ಎಂದು ಓದಬೇಡಿ, ಹತ್ತು ಎಂಬ ಅಪ್ಪಣೆಯೆಂದು ತಿಳಿಯಿರಿ. ದಶಮಾನದಲ್ಲಿ ಹತ್ತಾದಾಗ ಮುಂದಿನ ಮೆಟ್ಟಿಲು ಹತ್ತಬೇಕು, ದ್ವಿಮಾನದಲ್ಲಿ ಎರಡಾದೊಡನೆ ಹತ್ತಬೇಕು" ಎಂದರೆ ಅರ್ಧ ಗಂಟೆಯ ಪಾಠ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇಂಗ್ಲಿಷಿನ ಮೇಷ್ಟರಿಗೆ ಈ ಅನುಕೂಲವಿಲ್ಲ.

ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಇನ್ನೊಂದು ವಿನೋದ ಅಕ್ಟೋಬರ್ 31ರ ಭೂತಪ್ರೇತಗಳ ಹಬ್ಬವೂ ಡಿಸೆಂಬರ್ 25ರ ಕ್ರಿಸ್ಮಸ್ಸೂ ಒಂದೇ ಎಂಬುದು. ಆ ಭಾಷೆಯಲ್ಲಿ ತಿಂಗಳ ಹೆಸರುಗಳನ್ನು ಮೊಟಕುಮಾಡಿದರೆ ಒಂದು ಅಷ್ಟಮಾನದ ಸೂಚನೆಯಾಗುತ್ತದೆ, ಇನ್ನೊಂದು ದಶಮಾನದ ಸೂಚನೆಯಾಗುತ್ತದೆ. ಅಷ್ಟಮಾನದ 31 ಎಂದರೆ ಮೂರೆಂಟಲ ಇಪ್ಪತ್ತನಾಲ್ಕು ಮತ್ತೊಂದು, ಇಪ್ಪತ್ತೈದು. ಈ ಹೋಲಿಕೆ ಆಕಸ್ಮಿಕವೂ ಅಲ್ಲ. ಹಳೆಯ ರೋಮನ್ ಪಂಚಾಂಗದಲ್ಲಿ ಅಕ್ಟೋಬರ್ ಎಂಟನೆಯ ತಿಂಗಳು, ಡಿಸೆಂಬರ್ ಹತ್ತನೆಯದು. ಹೆಸರುಗಳಲ್ಲಿ ಅಡಗಿರುವುದು ಎಂಟು ಹತ್ತುಗಳೇ. ಇದನ್ನು ಕನ್ನಡಕ್ಕೆ ಪದಶಃ ತರಹೊರಟರೆ ಸ್ವಾರಸ್ಯ ಸೋರಿಹೋಗುತ್ತದೆ. ಆದರೆ ತರಬೇಕಾದ ಅಗತ್ಯವಾದರೂ ಏನು? ನಮಗೆ ಅಷ್ಟಮಿಯೂ ಇದೆ, ದಶಮಿಯೂ ಇದೆ. ಅಷ್ಟಮಾನದಲ್ಲಿ ಎಣಿಸುವವನಿಗೆ ದುರ್ಗಾಷ್ಟಮಿಯೇ ತಿಥಿ 10. ಅವನ ಮೈಸೂರಿನಲ್ಲಿ ಜಂಬೂಸವಾರಿ ಎರಡು ದಿನ ಮುಂಚಿತವಾಗಿಯೇ ಹೊರಡುತ್ತದೆ. ದ್ವಿಮಾನದವನ ಪಾಡು ಇನ್ನೂ ಚೆನ್ನ: ಪಾಡ್ಯದ ದಿನ ಗೊಂಬೆ ಕೂರಿಸಿ, ಬಿದಿಗೆಯ ದಿನವೇ ಬನ್ನಿ ಹಂಚಬೇಕು! ಎಂಟನೆಯ ತರಗತಿಯ ಹುಡುಗಿಗೆ ಇದನ್ನು ಹೇಳಿ ನೋಡಿ. ನಕ್ಕರೆ ಆಕೆಗೆ ಸ್ಥಾನಬೆಲೆಯೆಂಬುದು ಅರ್ಥವಾಯಿತೆಂದು ತಿಳಿಯಬಹುದು. ಬೇರೆ ಪರೀಕ್ಷೆ ಬೇಕಿಲ್ಲ.

ಬೆರಳೆಣಿಕೆಯ ವಿನೋದವೂ ಉಂಟು. ಒಂದು ಬೆರಳಿಗೆ ಒಂದು ಎಂದು ಎಣಿಸಿದರೆ ಎರಡು ಕೈಗಳಿಂದ ಹತ್ತರವರೆಗೆ ಹೋಗಬಹುದು. ಮಡಿಸಿದ ಬೆರಳು ಸೊನ್ನೆ, ಎತ್ತಿದ ಬೆರಳು ಒಂದು ಎಂದು ದ್ವಿಮಾನದಲ್ಲಿ ಎಣಿಸಿದರೆ ಅದೇ ಹತ್ತು ಬೆರಳುಗಳು 1023ರವರೆಗೆ ಒಯ್ಯುತ್ತವೆ. ಹೆಬ್ಬೆರಳು ಒಂದು, ತೋರುಬೆರಳು ಎರಡು, ನಡುಬೆರಳು ನಾಲ್ಕು. ಪಾಶ್ಚಾತ್ಯ ದೇಶಗಳಲ್ಲಿ ಮಾತ್ರ ನಾಲ್ಕನ್ನು ಸಭೆಯಲ್ಲಿ ತೋರಿಸಬಾರದು. ನಡುಬೆರಳೊಂದನ್ನೇ ಎತ್ತಿದರೆ ಅಲ್ಲಿ ಲೆಕ್ಕವೆಂದು ಯಾರೂ ತಿಳಿಯರು.

ಇಷ್ಟು ನಗೆಗೆ ಎಡೆಯಿರುವ ವಿಷಯವನ್ನು ನಾವು ಕಲಿಸುವ ಬಗೆ ಹೇಗೆ? ಹದಿಮೂರನ್ನು ದ್ವಿಮಾನಕ್ಕೆ ಪರಿವರ್ತಿಸಿ ಎಂಬ ಪ್ರಶ್ನೆ. ಎರಡರಿಂದ ಭಾಗಿಸು, ಶೇಷ ಬರೆ. ಮತ್ತೆ ಭಾಗಿಸು, ಶೇಷ ಬರೆ. ಕೊನೆಗೆ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದು: 1101. ಅಂಕಗಳು ಪೂರ್ಣ. ಕೆಳಗಿನಿಂದ ಮೇಲಕ್ಕೆ ಏಕೆ ಓದಬೇಕು, ಮೇಲಿನಿಂದ ಕೆಳಕ್ಕೆ ಓದಿದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಹುಡುಗನು ಕೇಳುವುದಿಲ್ಲ. ಕೇಳಿದರೆ "ಅದು ನಿಯಮ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಂಥ ಹುಡುಗನ ಮುಂದೆ 10 ಬಗೆಯ ಜನರ ವಿನೋದವನ್ನಿಟ್ಟರೆ ಅವನು ಗಂಭೀರವಾಗಿ 10ನ್ನು ದಶಮಾನಕ್ಕೆ ಪರಿವರ್ತಿಸಿ, 2 ಎಂದು ಉತ್ತರ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಾನು. ನಗಲಾರ. ಪರಿವರ್ತನೆ ಬಂದಿದೆ, ಅರಿವು ಬಂದಿಲ್ಲ.

ಅರಿವು ಬರಿಸಲು ನಮಗೆ ದೂರ ಹೋಗಬೇಕಾಗಿಲ್ಲ. ಅಜ್ಜನ ಕಾಲದ ದಿನಸಿ ಅಂಗಡಿಗೆ ಹೋದರೆ ಸಾಕು. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಚಟಾಕನ್ನು ಒಂದು ಎಂದಿಟ್ಟುಕೊಂಡರೆ ಈ ಐದು ಅಳತೆಗಳು ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಪ್ರತಿಯೊಂದನ್ನೂ ಒಂದೊಂದು ಸಲ ಮಾತ್ರ ಬಳಸಿ, ಒಂದು ಚಟಾಕಿನಿಂದ ಮೂವತ್ತೊಂದು ಚಟಾಕಿನವರೆಗೆ ಯಾವ ಮೊತ್ತವನ್ನು ಬೇಕಾದರೂ ಅಳೆದು ಕೊಡಬಹುದು. ಒಂದೊಂದು ಮೊತ್ತಕ್ಕೂ ದಾರಿ ಒಂದೇ. ಹದಿಮೂರು ಚಟಾಕು ಬೇಕೆ? ಅಚ್ಚೇರು ಉಂಟು, ಪಾವು ಉಂಟು, ಅರೆಪಾವು ಇಲ್ಲ, ಚಟಾಕು ಉಂಟು. ಉಂಟು ಎಂಬಲ್ಲಿ ಒಂದನ್ನೂ ಇಲ್ಲ ಎಂಬಲ್ಲಿ ಸೊನ್ನೆಯನ್ನೂ ಬರೆಯಿರಿ: 1101. ದ್ವಿಮಾನವೆಂದರೆ ಇಷ್ಟೇ, ಉಂಟು-ಇಲ್ಲಗಳ ಲೆಕ್ಕ. ಭಾಗಾಕಾರದ ಶೇಷವನ್ನು ಕೆಳಗಿನಿಂದ ಓದುವುದೇಕೆಂಬುದೂ ಇಲ್ಲಿ ತಾನಾಗಿ ಹೊಳೆಯುತ್ತದೆ: ಮೊದಲು ಉಳಿಯುವುದು ಚಟಾಕಿನ ಲೆಕ್ಕ, ದೊಡ್ಡ ಅಳತೆ ಕೊನೆಗೆ ಬರುತ್ತದೆ.

ಮನಸ್ಸಿನಲ್ಲಿ ಒಂದು ಸಂಖ್ಯೆ ಎಣಿಸಿಕೊಳ್ಳಿ, ಐದು ಚೀಟಿಗಳಲ್ಲಿ ಅದು ಯಾವ ಯಾವುದರಲ್ಲಿದೆಯೆಂದು ಹೇಳಿದರೆ ಸಂಖ್ಯೆ ಯಾವುದೆಂದು ಹೇಳುತ್ತೇನೆ ಎಂದು ಜಾದೂಗಾರರು ಮಾಡುವ ಆಟವೂ ಇದೇ. ಒಂದೊಂದು ಚೀಟಿಯೂ ಒಂದೊಂದು ಅಳತೆ. ಒಂದನೆಯದು ಚಟಾಕು ಬೇಕಾಗುವ ಸಂಖ್ಯೆಗಳ ಪಟ್ಟಿ, ಎರಡನೆಯದು ಅರೆಪಾವು ಬೇಕಾಗುವವುಗಳದು. "ಇದೆ" ಎಂದ ಚೀಟಿಗಳ ಮೊದಲ ಅಂಕೆಗಳನ್ನು ಕೂಡಿಸಿದರೆ ಗುಟ್ಟು ಬಯಲು. ಇಪ್ಪತ್ತೆರಡು ಎಣಿಸಿಕೊಂಡವನು ಹದಿನಾರು, ನಾಲ್ಕು, ಎರಡರ ಚೀಟಿಗಳನ್ನು ಹಿಡಿದಿರುತ್ತಾನೆ. ಅವನ ಕೈಯಲ್ಲಿರುವುದು ಒಂದು ಸೇರು, ಒಂದು ಪಾವು, ಒಂದು ಅರೆಪಾವು! 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಜಾರಿಗೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯಾಯಿತು. ಬಳಿಕ ಸೇರು ಪಾವುಗಳೂ ಕಿಲೋಗ್ರಾಮಿಗೆ ಎಡೆಬಿಟ್ಟವು. ವ್ಯವಹಾರಕ್ಕೆ ಅದು ಒಳಿತೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧಿಸುತ್ತ ಹೋಗುವ ನಮ್ಮ ಹಳೆಯ ಬುದ್ಧಿಯನ್ನು ದಶಮಾನಕ್ಕೆ ಒಪ್ಪಿಸಿದ ಸ್ವಲ್ಪ ಕಾಲದಲ್ಲಿಯೇ ಅರ್ಧಿಸಿ ಅರ್ಧಿಸಿ ಎಣಿಸುವ ಯಂತ್ರಗಳು ಲೋಕವನ್ನಾಳತೊಡಗಿದ್ದು, ಕಾಲಪುರುಷನೂ ವಿನೋದಪ್ರಿಯನೆಂಬುದಕ್ಕೆ ಸಾಕ್ಷಿ.

ಇದಕ್ಕಿಂತ ದೊಡ್ಡ ಅನುಕೂಲ ಕನ್ನಡ ತರಗತಿಯಲ್ಲಿದೆ. "ಪ್ರಸ್ತಾರ ಹಾಕಿ, ಗಣವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಿರಿ" ಎಂಬ ಪ್ರಶ್ನೆಯನ್ನು ಬರೆಯದೆ ಕನ್ನಡದ ಯಾವ ವಿದ್ಯಾರ್ಥಿಯೂ ಪ್ರೌಢಶಾಲೆಯಿಂದ ಹೊರಬಿದ್ದಿಲ್ಲ. ಲಘು, ಗುರು ಎಂಬ ಎರಡೇ ಗುರುತುಗಳು. ಮೂರು ಅಕ್ಷರಗಳ ಗಣಗಳು ಎಂಟು. ಏಕೆ ಎಂಟು? ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಏಳೂ ಆಗದು, ಒಂಬತ್ತೂ ಆಗದು. ಇಂದಿನ ಶಾಲೆಯಲ್ಲಿ ಪ್ರಸ್ತಾರವೆಂದರೆ ಪದ್ಯದ ಸಾಲಿಗೆ ಗುರುತು ಹಾಕುವುದು. ಛಂದಃಶಾಸ್ತ್ರವನ್ನು ರಚಿಸಿದ ಪಿಂಗಲನ ಪರಂಪರೆಯಲ್ಲಿ ಆ ಮಾತಿಗೆ ಇನ್ನೂ ವಿಶಾಲವಾದ ಅರ್ಥ: ಇಷ್ಟು ಅಕ್ಷರಗಳಲ್ಲಿ ಸಾಧ್ಯವಾಗುವ ಎಲ್ಲ ಲಘುಗುರು ವಿನ್ಯಾಸಗಳನ್ನೂ ಒಂದು ಕ್ರಮದಲ್ಲಿ ಹರಡಿ ತೋರಿಸುವುದು. ಮೂರಕ್ಷರದ ಪ್ರಸ್ತಾರದಲ್ಲಿ ಮೊದಲನೆಯದು ಮೂರೂ ಗುರು; ಎರಡನೆಯದು ಲಘು, ಗುರು, ಗುರು; ಮೂರನೆಯದು ಗುರು, ಲಘು, ಗುರು; ಹೀಗೆ ಸಾಗಿ ಎಂಟನೆಯದು ಮೂರೂ ಲಘು. ಅವುಗಳ ಹೆಸರು ಕ್ರಮವಾಗಿ ಮ, ಯ, ರ, ಸ, ತ, ಜ, ಭ, ನ. ಈಗ ಗುರುವಿನ ಎಡೆಯಲ್ಲಿ ಸೊನ್ನೆಯನ್ನೂ ಲಘುವಿನ ಎಡೆಯಲ್ಲಿ ಒಂದನ್ನೂ ಇಟ್ಟು, ಎಡತುದಿಯ ಅಕ್ಷರವನ್ನು ಚಟಾಕಿನ ಮನೆಯೆಂದು ಎಣಿಸಿ. ಮಗಣ ಸೊನ್ನೆ, ಯಗಣ ಒಂದು, ರಗಣ ಎರಡು, ಸಗಣ ಮೂರು, ತಗಣ ನಾಲ್ಕು, ಜಗಣ ಐದು, ಭಗಣ ಆರು, ನಗಣ ಏಳು. ಒಂದೂ ಹೊಂದಿಕೆ ತಪ್ಪುವುದಿಲ್ಲ.

ಸಾಲಿನ ಸಂಖ್ಯೆ ಕೊಟ್ಟರೆ ವಿನ್ಯಾಸವನ್ನು ಹೇಳುವ ವಿಧಾನಕ್ಕೆ ನಷ್ಟವೆಂದು ಹೆಸರು. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಆರನೆಯ ಸಾಲು ಯಾವುದು? ಆರು ಸಮ, ಲಘು, ಅರ್ಧ ಮೂರು. ಮೂರು ಬೆಸ, ಗುರು. ಒಂದು ಕೂಡಿಸಿದರೆ ನಾಲ್ಕು, ಅರ್ಧ ಎರಡು. ಎರಡು ಸಮ, ಲಘು. ಲಘು, ಗುರು, ಲಘು: ಜಗಣ. ಗಣಿತದ ಕೊಠಡಿಯಲ್ಲಿ ಹುಡುಗನು ಎರಡರಿಂದ ಭಾಗಿಸಿ ಶೇಷ ಬರೆಯುವುದಕ್ಕೂ ಇದಕ್ಕೂ ಇರುವ ಭೇದ ಅತ್ಯಲ್ಪ. ನಮ್ಮ ಶಾಲೆಗಳಲ್ಲಿ ಒಂದು ಕೊಠಡಿಯಲ್ಲಿ ಕನ್ನಡ ಪಂಡಿತರು ಲಘುಗುರುಗಳನ್ನು ಉರುಹೊಡಿಸುತ್ತಿರುತ್ತಾರೆ. ಪಕ್ಕದ ಕೊಠಡಿಯಲ್ಲಿ ಗಣಕದ ಮೇಷ್ಟರು ಸೊನ್ನೆ ಒಂದುಗಳನ್ನು ಉರುಹೊಡಿಸುತ್ತಿರುತ್ತಾರೆ. ನಡುವೆ ಒಂದು ಗೋಡೆ. ಒಂದೇ ವಿದ್ಯೆಯನ್ನು ಎರಡು ಸಲ, ಎರಡು ಸಲವೂ ಅರ್ಥವಾಗದಂತೆ, ಕಲಿಯುವ ದುರ್ದೈವ ನಮ್ಮ ಮಕ್ಕಳದು. ಆ ಗೋಡೆಯಲ್ಲಿ ಒಂದು ಕಿಟಕಿಯನ್ನಾದರೂ ತೆರೆಯಬೇಕೆಂಬುದು ನನ್ನ ಬಿನ್ನಹ.

ಇಷ್ಟು ಹೇಳಿದೊಡನೆ ಒಂದು ಅಪಾಯವಿದೆ. "ನೋಡಿರಾ, ಗಣಕಯಂತ್ರವನ್ನು ನಮ್ಮ ಋಷಿಗಳೇ ಕಂಡುಹಿಡಿದಿದ್ದರು" ಎಂದು ಎದ್ದುನಿಲ್ಲುವವರಿದ್ದಾರೆ. ಹಾಗಲ್ಲ. ಪಿಂಗಲನು ವೃತ್ತಗಳನ್ನು ಎಣಿಸಿದನು, ಕ್ರಮಪಡಿಸಿದನು. ಲಘುಗುರುಗಳನ್ನು ಅಂಕೆಗಳಾಗಿ ಬಳಸಿ ಕೂಡಿ ಕಳೆಯುವ ಗಣಿತವನ್ನು ಅವನು ಕಟ್ಟಲಿಲ್ಲ. ಅವನು ಮಾಡಿದ್ದೇ ಅದ್ಭುತವಾಗಿದೆ. ಮಾಡದ್ದನ್ನು ಅವನ ತಲೆಗೆ ಕಟ್ಟುವುದು ಅವನಿಗೆ ಗೌರವವಲ್ಲ. ಅದೇ ರೀತಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ದೊಡ್ಡ ಘಾತಗಳನ್ನು ಸುಲಭವಾಗಿ ಪಡೆಯುವ ಒಂದು ಉಪಾಯವನ್ನು ಹೇಳಿದ್ದಾನೆ: ಸಂಖ್ಯೆ ಸಮವಾದರೆ ಅರ್ಧಿಸಿ ಸೊನ್ನೆಯನ್ನು ಗುರುತುಹಾಕು, ಬೆಸವಾದರೆ ಒಂದು ಕಳೆದು ಒಂದನ್ನು ಗುರುತುಹಾಕು, ಬಳಿಕ ಕೊನೆಯ ಗುರುತಿನಿಂದ ಹಿಂದಕ್ಕೆ ಬರುತ್ತ, ಒಂದು ಕಂಡಲ್ಲಿ ಗುಣಿಸು, ಸೊನ್ನೆ ಕಂಡಲ್ಲಿ ವರ್ಗಮಾಡು. ಎರಡರ ಆರನೆಯ ಘಾತ ಬೇಕಾದರೆ, ಎರಡು, ಅದರ ವರ್ಗ ನಾಲ್ಕು, ಗುಣಿಸಿ ಎಂಟು, ವರ್ಗ ಅರುವತ್ತನಾಲ್ಕು. ಇಂದಿನ ಗಣಕಯಂತ್ರಗಳೂ ಘಾತವನ್ನು ಹೀಗೆ ಲೆಕ್ಕಹಾಕುವುದುಂಟು. ಸೊನ್ನೆ ಒಂದುಗಳನ್ನು ಬರಿಯ ಗುರುತುಗಳಾಗಿ ಬಳಸುವ ಈ ಜಾಣ್ಮೆ ಕನ್ನಡನಾಡಿನ ಅರಸನ ಆಶ್ರಯದಲ್ಲಿ ಬರೆಹಕ್ಕಿಳಿದಿತ್ತೆಂಬುದು ಹೆಮ್ಮೆಯ ಮಾತೇ. ಹೆಮ್ಮೆ ನಿಜದಷ್ಟೇ ಎತ್ತರವಿದ್ದರೆ ಚೆನ್ನ.

ಈ ಎಚ್ಚರಿಕೆ ನಮಗೆ ಮಾತ್ರ ಬೇಕಾದದ್ದಲ್ಲ. ಜರ್ಮನಿಯ ಮಹಾಮೇಧಾವಿ ಲೈಬ್ನಿಟ್ಸ್ ದ್ವಿಮಾನ ಗಣಿತವನ್ನು ಕೂಡುವ ಕಳೆಯುವ ಕ್ರಮಗಳೊಡನೆ 1703ರ ಪ್ರಬಂಧದಲ್ಲಿ ಲೋಕದ ಮುಂದಿಟ್ಟನು. ಅವನಿಗಿಂತ ಮೊದಲೇ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತನ್ನ ಹಸ್ತಪ್ರತಿಗಳಲ್ಲಿ ಇಂಥ ಅಂಕೆಗಳನ್ನು ಬರೆದಿಟ್ಟಿದ್ದನು. ಅವು ಆ ಕಾಲದಲ್ಲಿ ಅಚ್ಚಾಗಲಿಲ್ಲ. ಲೈಬ್ನಿಟ್ಸನಿಗೆ ದ್ವಿಮಾನವು ಲೆಕ್ಕ ಮಾತ್ರವಾಗಿರಲಿಲ್ಲ, ಧ್ಯಾನವೂ ಆಗಿತ್ತು. ಒಂದು ಎಂಬುದು ದೇವರು, ಸೊನ್ನೆ ಎಂಬುದು ಶೂನ್ಯ, ಇವೆರಡರಿಂದ ಸಮಸ್ತ ಸೃಷ್ಟಿ ಎಂಬ ಭಾವವನ್ನು ಪದಕವೊಂದರ ಮೇಲೆ ಕೆತ್ತಿಸಬೇಕೆಂದು ಅವನು 1697ರಲ್ಲಿ ತನ್ನ ಆಶ್ರಯದಾತನಾದ ದೊರೆಗೆ ಬರೆದನು. ಚೀನದಲ್ಲಿದ್ದ ಬೂವೆ ಎಂಬ ಪಾದ್ರಿ ಕಳುಹಿಸಿದ ಅರುವತ್ತನಾಲ್ಕು ಪ್ರಾಚೀನ ರೇಖಾಚಿತ್ರಗಳಲ್ಲಿ, ತುಂಡಾದ ಗೆರೆ ಸೊನ್ನೆ, ತುಂಡಾಗದ್ದು ಒಂದು ಎಂದು ಓದಿ, ಚೀನದ ಆದಿಪುರುಷ ಫೂಷಿಗೆ ತನ್ನ ಗಣಿತವೇ ತಿಳಿದಿತ್ತೆಂದು ಸಂತೋಷಪಟ್ಟನು. ಹಳೆಯ ಕನ್ನಡಿಯಲ್ಲಿ ಕಂಡದ್ದು ಬಹುಮಟ್ಟಿಗೆ ತನ್ನದೇ ಮುಖ. ಪಿಂಗಲನನ್ನು ಓದುವ ನಾವು ಲೈಬ್ನಿಟ್ಸನ ಆ ಸಂತೋಷವನ್ನು ನೆನೆದು ಒಂದು ಮುಗುಳ್ನಗೆ ನಕ್ಕರೆ ನಮಗೂ ಕ್ಷೇಮ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 1854ರಲ್ಲಿ ಜಾರ್ಜ್ ಬೂಲ್ ನಿಜ ಸುಳ್ಳುಗಳ ತರ್ಕವನ್ನು ಬೀಜಗಣಿತಕ್ಕಿಳಿಸಿದನು. 1937ರಲ್ಲಿ ಕ್ಲಾಡ್ ಶ್ಯಾನನ್ ವಿದ್ಯುತ್ತಿನ ಸ್ವಿಚ್ಚುಗಳು ಆ ಬೀಜಗಣಿತದಂತೆಯೇ ನಡೆಯುತ್ತವೆಂದು ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದನು. 1948ರಲ್ಲಿ ಒಂದು ಸೊನ್ನೆ-ಒಂದರ ಆಯ್ಕೆಗೆ "ಬಿಟ್" ಎಂಬ ಹೆಸರನ್ನು, ಅದು ಸಹೋದ್ಯೋಗಿ ಜಾನ್ ಟ್ಯೂಕಿ ಸೂಚಿಸಿದ್ದೆಂದು ಹೇಳಿ, ಬಳಕೆಗೆ ತಂದನು. ಆದರೆ ಯಂತ್ರಗಳಿಗೆ ಎರಡೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅದರಲ್ಲಿ ವೇದಾಂತವೇನೂ ಇಲ್ಲ. ದೀಪ ಹತ್ತಿದೆಯೇ ಆರಿದೆಯೇ ಎಂದು ದೂರದಿಂದ ಹೇಳುವುದು ಸುಲಭ. ಹತ್ತು ಮಟ್ಟಗಳಲ್ಲಿ ಯಾವ ಮಟ್ಟಕ್ಕೆ ಉರಿಯುತ್ತಿದೆಯೆಂದು ಹೇಳುವುದು ಕಷ್ಟ. ತಪ್ಪಿಗೆ ಎಡೆ ಕಡಮೆಯಾಗಲೆಂದು ಎರಡು. 1946ರಲ್ಲಿ ಲೋಕಕ್ಕೆ ಪರಿಚಯವಾದ ಅಮೆರಿಕದ ಎನಿಯಾಕ್ ಯಂತ್ರ ದಶಮಾನದಲ್ಲಿಯೇ ಲೆಕ್ಕಮಾಡುತ್ತಿತ್ತು. 1958ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಬ್ರುಸೆಂತ್ಸೊವ್ ಮತ್ತು ಸಂಗಡಿಗರು ಕಟ್ಟಿದ ಸೆತುನ್ ಯಂತ್ರ ತ್ರಿಮಾನದಲ್ಲಿ ಲೆಕ್ಕಮಾಡುತ್ತಿತ್ತು. ಎರಡೆಂಬುದು ವಿಧಿಯಲ್ಲ, ಅನುಕೂಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡೋಣ. "ಅರ್ಥ, ಅರಿವು ಎಂದು ಕುಳಿತರೆ ಮಕ್ಕಳಿಗೆ ಮಗ್ಗಿಯೂ ಬಾರದಾದೀತು" ಎಂಬುದು ಮೊದಲನೆಯದು. ಇದು ತಳ್ಳಿಹಾಕುವ ಮಾತಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ನವಗಣಿತವೆಂಬ ಸುಧಾರಣೆ ಬಂದು, ಸಣ್ಣ ಮಕ್ಕಳಿಗೂ ನಾನಾ ಆಧಾರಗಳಲ್ಲಿ ಲೆಕ್ಕಮಾಡಿಸಿದಾಗ ತಂದೆತಾಯಿಗಳು ಕಂಗಾಲಾದರು. ಗಣಿತಾಧ್ಯಾಪಕನೂ ಹಾಡುಗಾರನೂ ಆಗಿದ್ದ ಟಾಮ್ ಲೆಹ್ರರ್ 1965ರಲ್ಲಿ ಅದನ್ನು ಒಂದು ಹಾಡಿನಲ್ಲಿ ಅಣಕಿಸಿದನು: 342ರಿಂದ 173ನ್ನು ಮೊದಲು ದಶಮಾನದಲ್ಲಿ ಕಳೆದು, ಮತ್ತೆ ಅಷ್ಟಮಾನದಲ್ಲಿ ಕಳೆದು, ಉತ್ತರಕ್ಕಿಂತ ತಿಳಿವಳಿಕೆಯೇ ಮುಖ್ಯವೆಂಬ ಘೋಷಣೆಯ ಬೆಲೂನಿಗೆ ಸೂಜಿ ಚುಚ್ಚಿದನು. ಉತ್ತರವಿಲ್ಲದ ತಿಳಿವಳಿಕೆ ಸೋಗು ಎಂಬುದನ್ನು ಒಪ್ಪೋಣ. ಹಾಗೆಂದು ತಿಳಿವಳಿಕೆಯಿಲ್ಲದ ಉತ್ತರ ವಿದ್ಯೆಯಾಗುವುದಿಲ್ಲ. ಅಲ್ಲದೆ, ಆ ಹಾಡನ್ನು ಕೇಳಿ ಮನಸಾರೆ ನಗಬೇಕಾದರೂ ಅಷ್ಟಮಾನ ತಿಳಿದಿರಬೇಕು!

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಈ ವಿನೋದ ಅಹಂಕಾರದ್ದು. ಬಲ್ಲವರು ಒಳಗೆ ಕುಳಿತು, ಅರಿಯದವರನ್ನು ಬಾಗಿಲಲ್ಲಿ ನಿಲ್ಲಿಸಿ ನಗುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನಿಗೆ, ಸುತ್ತಲಿನವರೆಲ್ಲ ನಗುವಾಗ ತನಗೆ ಮಾತ್ರ ನಗು ಬಾರದ ನೋವು ಸಾಮಾನ್ಯವಲ್ಲ. ಆದರೆ ಇದಕ್ಕೆ ಮದ್ದೂ ವಿನೋದದಲ್ಲಿಯೇ ಇದೆ. ಯಾರೋ ಅದನ್ನು ಹೀಗೆ ತಿದ್ದಿದರು: "ಜನ 10 ಬಗೆ: ದ್ವಿಮಾನ ಅರಿತವರು, ಅರಿಯದವರು, ಈ ಮಾತು ತ್ರಿಮಾನದಲ್ಲಿದೆಯೆಂದು ಊಹಿಸದಿದ್ದವರು." ಮೊದಲ ಸಲ ನಕ್ಕವನೇ ಈಗ ಹೊರಗೆ ಬಿದ್ದ. 10 ಎಂದರೆ ಎರಡೇ ಎಂದು ಗಟ್ಟಿಯಾಗಿ ನಂಬಿದವನೂ, 10 ಎಂದರೆ ಹತ್ತೇ ಎಂದು ನಂಬಿದವನ ಸೋದರನೇ. ಬಾಗಿಲಲ್ಲಿ ನಿಂತವನಿಗೆ ಐದು ನಿಮಿಷ ಸೇರು ಪಾವುಗಳ ಲೆಕ್ಕ ಹೇಳಿದರೆ ಅವನೂ ಒಳಗೆ ಬಂದಾನು. ಹೇಳದೆ ನಗುವವನನ್ನು ವಿದ್ವಾಂಸನೆಂದು ಕರೆಯಲಾಗದು.

ಇನ್ನು ಮೂರನೆಯದು, ನಮ್ಮ ಸಾಹಿತಿಗಳ ಬಾಯಿಂದ ಆಗಾಗ ಬರುವ ಮಾತು. ಸೊನ್ನೆ ಒಂದುಗಳ ಯಂತ್ರ ನಮ್ಮ ಮನಸ್ಸನ್ನೂ ಸೊನ್ನೆ ಒಂದಾಗಿಸಿತು; ಕಪ್ಪು ಬಿಳುಪು, ನಮ್ಮವರು ಹೊರಗಿನವರು ಎಂಬ ಇಬ್ಬಗೆಯ ಬುದ್ಧಿ ಅದರಿಂದ ಬೆಳೆಯಿತು ಎನ್ನುತ್ತಾರೆ. ಇಬ್ಬಗೆಯ ಬುದ್ಧಿ ಬೆಳೆದಿರುವುದೇನೋ ನಿಜ. ಪಾಪವನ್ನು ಅಂಕೆಗಳ ಮೇಲೆ ಹೊರಿಸುವುದು ಅನ್ಯಾಯ. ಎರಡೇ ಬಗೆಯ ಅಕ್ಷರಗಳಿಂದ, ಲಘುವಿನಿಂದ ಮತ್ತು ಗುರುವಿನಿಂದ, ಪಂಪನ ಗಾಂಭೀರ್ಯ ಹುಟ್ಟಿತು, ರನ್ನನ ಆರ್ಭಟ ಹುಟ್ಟಿತು, ಕುಮಾರವ್ಯಾಸನ ನಗೆಯೂ ಹುಟ್ಟಿತು. ಇಪ್ಪತ್ತಾರು ಅಕ್ಷರಗಳ ಒಂದು ಪಾದದಲ್ಲಿಯೇ ಲಘುಗುರುಗಳ ವಿನ್ಯಾಸ 6,71,08,864 ಬಗೆಯಾಗಬಲ್ಲದು. ಗುರುತು ಎರಡೇ ಇದ್ದರೂ ಮನೆಗಳನ್ನು ಸೇರಿಸುತ್ತ ಹೋದರೆ ಬಣ್ಣದ ಎಲ್ಲ ಛಾಯೆಗಳನ್ನೂ ರಾಗದ ಎಲ್ಲ ಸೂಕ್ಷ್ಮಗಳನ್ನೂ ಬರೆಯಬಹುದು. ಇಂದಿನ ಚಿತ್ರಗಳೂ ಸಂಗೀತವೂ ನಮ್ಮ ಮನೆಗೆ ಬರುವುದು ಹಾಗೆಯೇ. ದೋಷ ಎರಡು ಗುರುತುಗಳದಲ್ಲ. ಒಂದೇ ಮನೆ ಬರೆದು ಲೆಕ್ಕ ಮುಗಿಯಿತೆಂದು ಲೇಖನಿ ಕೆಳಗಿಡುವ ಅವಸರದ್ದು. ಒಬ್ಬ ಮನುಷ್ಯನನ್ನು ಒಳ್ಳೆಯವನೇ ಕೆಟ್ಟವನೇ ಎಂದು ಒಂದೇ ಪ್ರಶ್ನೆಯಲ್ಲಿ ತೀರ್ಮಾನಿಸುವವನು ಒಂದು ಬಿಟ್ಟಿನ ಪಂಡಿತ. ಮೂವತ್ತು ಪ್ರಶ್ನೆ ಕೇಳುವ ತಾಳ್ಮೆಯಿದ್ದರೆ, ಉಂಟು ಇಲ್ಲ ಎಂಬ ಉತ್ತರಗಳಿಂದಲೇ ನೂರು ಕೋಟಿಗೂ ಮೀರಿದ ಜನರನ್ನು ಒಬ್ಬರಿಂದೊಬ್ಬರನ್ನು ಬೇರೆಯಾಗಿ ಗುರುತಿಸಬಹುದು.

ಆದುದರಿಂದ ಉಪಾಧ್ಯಾಯರಲ್ಲಿ ಪ್ರಾರ್ಥನೆ ಇಷ್ಟೆ. ಕನ್ನಡದ ಪಂಡಿತರು ಪ್ರಸ್ತಾರದ ಪಾಠದ ದಿನ ಗಣಿತದ ಮೇಷ್ಟರನ್ನು ತರಗತಿಗೆ ಕರೆಯಲಿ. ಅವರು ಎಂಟು ಗಣಗಳ ಪಕ್ಕದಲ್ಲಿ ಸೊನ್ನೆಯಿಂದ ಏಳರವರೆಗೆ ಬರೆದು ತೋರಿಸಲಿ. ಗಣಿತದ ಮೇಷ್ಟರು ದ್ವಿಮಾನದ ಪಾಠವನ್ನು ಭಾಗಾಕಾರದಿಂದ ಆರಂಭಿಸದೆ 10 ಬಗೆಯ ಜನರಿಂದ ಆರಂಭಿಸಲಿ. ನಗು ಬರುವವರೆಗೆ ಮುಂದಕ್ಕೆ ಹೋಗದಿರಲಿ. ಪಠ್ಯಪುಸ್ತಕ ಬದಲಾಗಬೇಕಾಗಿಲ್ಲ, ಹಣ ಖರ್ಚಾಗಬೇಕಾಗಿಲ್ಲ. ಇಬ್ಬರು ಅಧ್ಯಾಪಕರು ಒಂದು ಗಂಟೆ ಒಟ್ಟಿಗೆ ನಿಂತರೆ ಸಾಕು.

ಎಂಟು ಗಣಗಳಿಗೂ ಪಿಂಗಲನು ಒಂದೊಂದು ಮಾದರಿಯ ಮಾತನ್ನು ಕೊಟ್ಟಿದ್ದಾನೆ. ಎಂಟನೆಯದಾದ ನಗಣಕ್ಕೆ, ಮೂರು ಲಘುಗಳಿಗೆ, ಅವನು ಆರಿಸಿದ ಮಾತಿನ ಅರ್ಥ "ನಗಬೇಡ" ಎಂದು. ಆಚಾರ್ಯನ ಉಳಿದ ಎಲ್ಲ ವಿಧಿಗಳನ್ನೂ ಶಿರಸಾವಹಿಸಿ, ಇದೊಂದನ್ನು ಮಾತ್ರ ತರಗತಿಯಲ್ಲಿ ಮೀರಬಹುದೆಂದು ತೋರುತ್ತದೆ.